ಮೂರು ಮಿಣುಕಿನ ಸುಳ್ಳು

"ಮೂರು ಸಲ," ಅಂದ ಡ್ಯಾರಲ್. "ಮೂರು ಸಲ ಮಿಣುಕೋದು, ಸ್ವಲ್ಪ ಹೊತ್ತು ಸುಮ್ಮನಿರೋದು, ಮತ್ತೆ ಮೂರು ಸಲ. ಎಷ್ಟು ಸಲ ಹೇಳಿಸ್ತೀರ ನನ್ನ ಕೈಲಿ?"

"ಇನ್ನೊಂದೇ ಒಂದು ಸಲ ಹೇಳಿಬಿಡು," ಅಂದಳು ಸ್ಟೆಫಾ. "ನನಗೆ ವಯಸ್ಸಾಯ್ತು ನೋಡು, ಕಿವಿ ಮಂದ."

ಅವಳ ಕಿವಿಗೆ ಏನೂ ಆಗಿರಲಿಲ್ಲ. ಐವತ್ತೇಳು ವರ್ಷದ ಸ್ಟೆಫಾ ವಾಸಿಲಿಕ್ ಮೇಲಿನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಲೇ ಕೆಳಗೆ ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸಿನ ಯಾವ ಬೇರಿಂಗು ಸವೆದಿದೆ ಎಂದು ಹೇಳುವವಳು. ವಿಲೋ ಬೆಂಡ್ ಊರಿನಲ್ಲಿ ಗ್ಯಾಸ್ ರಿಪೇರಿಯ ಲೈಸೆನ್ಸ್ ಪಡೆದ ಮೊದಲ ಹೆಂಗಸು. ಮೂವತ್ತೊಂದು ಚಳಿಗಾಲ ಅವಳ ಕೈಯಲ್ಲಿ ಕಳೆದಿತ್ತು, ಒಂದು ಮನೆಯನ್ನೂ ಅವಳು ತಣ್ಣಗೆ ಬಿಟ್ಟು ಬಂದವಳಲ್ಲ. ಅದನ್ನು ಅವಳು ಮುಚ್ಚಿಟ್ಟುಕೊಳ್ಳುವವಳೂ ಅಲ್ಲ. ಕೇಳಿದವರಿಗೆ ಹೇಳುತ್ತಿದ್ದಳು, ಕೇಳದವರಿಗೆ ಎರಡು ಸಲ ಹೇಳುತ್ತಿದ್ದಳು.

ಮುದುಕ ಆಬ್ರಾಮ್ ಲೆಪ್ಕಿ ತನ್ನದೇ ಅಡುಗೆಮನೆಯ ಕುರ್ಚಿಯಲ್ಲಿ ಚಳಿಗೆ ಮರಗಟ್ಟಿ ಸತ್ತು ಒಂಬತ್ತು ದಿನವಾಗಿತ್ತು, ಆ ಸಾವನ್ನು ಊರು ಫರ್ನೇಸ್ ರಿಪೇರಿ ಮಾಡಿದ ರೇನಾಲ್ಡ್ ಸಿಂಕ್ಲೇರನ ತಲೆಗೆ ಕಟ್ಟಿತ್ತು.

ಈಗ ಮೂವರು ಆ ಮನೆಯ ನೆಲಮಾಳಿಗೆಯಲ್ಲಿ ನಿಂತಿದ್ದರು. ಸ್ಟೆಫಾ, ಸತ್ತವನ ತಮ್ಮನ ಮಗ ಡ್ಯಾರಲ್ ಲೆಪ್ಕಿ, ಮತ್ತು ಸರ್ಕಾರದ ಗ್ಯಾಸ್ ಇನ್ಸ್‌ಪೆಕ್ಟರ್ ಗಿಲ್ಬೇರ್ ಫೂರ್ನಿಯೆ. ಹೊರಗೆ ಮೈನಸ್ ಮೂವತ್ತಾರು. ಒಳಗೆ ಎರಡು ಕರೆಂಟಿನ ಹೀಟರುಗಳು ಗೊರಗುಡುತ್ತ ನೀರಿನ ಪೈಪುಗಳು ಒಡೆಯದಂತೆ ಕಾಯುತ್ತಿದ್ದವು. ಮೂಲೆಯಲ್ಲಿ ಫರ್ನೇಸು ನಿಂತಿತ್ತು, ಅದರ ಮೇಲೆ ಫೂರ್ನಿಯೆ ಅಂಟಿಸಿದ ಕೆಂಪು ಪಟ್ಟಿ. ಫರ್ನೇಸಿನ ಮೇಲಿನ ಬಾಗಿಲು ತೆಗೆದು ಗೋಡೆಗೆ ಒರಗಿಸಿಟ್ಟಿದ್ದರು. ಒಳಗೆ, ಹೊಗೆ ಎಳೆಯುವ ಪುಟ್ಟ ಫ್ಯಾನಿನ ಪಕ್ಕದಲ್ಲಿ, ಬೆರಳಗಲದ ರಬ್ಬರ್ ಕೊಳವೆಯೊಂದು ಜೋತುಬಿದ್ದಿತ್ತು.

ಆ ಕೊಳವೆಯೇ ಎಲ್ಲಕ್ಕೂ ಮೂಲ. ಅದು ಸಿಕ್ಕಿಸಿದ್ದರೆ ಫ್ಯಾನು ಗಾಳಿ ಎಳೆಯುತ್ತಿದೆಯೆಂದು ಫರ್ನೇಸಿಗೆ ತಿಳಿಯುತ್ತದೆ. ಬಿಚ್ಚಿಕೊಂಡರೆ ತಿಳಿಯುವುದಿಲ್ಲ, ತಿಳಿಯದೆ ಅದು ಬೆಂಕಿ ಹಚ್ಚುವುದಿಲ್ಲ. ಗುರುವಾರ ರಿಪೇರಿಗೆ ಬಂದ ರೇನಾಲ್ಡ್ ಕೊಳವೆಯನ್ನು ಗಟ್ಟಿಯಾಗಿ ಸಿಕ್ಕಿಸಲು ಮರೆತ, ಶನಿವಾರ ಅದು ಪೂರ್ತಿ ಕಳಚಿತು, ಭಾನುವಾರದೊಳಗೆ ಮುದುಕ ಸತ್ತ. ಫೂರ್ನಿಯೆಯ ವರದಿಯಲ್ಲಿದ್ದದ್ದು ಇಷ್ಟೆ. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ರೇನಾಲ್ಡನ ಲೈಸೆನ್ಸ್ ಹೋಗುತ್ತದೆ, ಅದರ ಹಿಂದೆಯೇ ಪೊಲೀಸರ ಕೇಸು ಬರುತ್ತದೆ.

ಆ ರೇನಾಲ್ಡೇ ಮೂವತ್ತೊಂದು ವರ್ಷದ ಹಿಂದೆ ಸ್ಟೆಫಾಳನ್ನು ಕೆಲಸಕ್ಕೆ ಸೇರಿಸಿಕೊಂಡವನು. ಹೆಂಗಸಿಗೆ ಪೈಪು ಬಗ್ಗಿಸಲು ಬರುತ್ತದೆಯೇ ಎಂದು ಊರಿನ ಮೂರು ಅಂಗಡಿಯವರು ನಕ್ಕು ಕಳಿಸಿದ್ದರು. ಅವನೊಬ್ಬ ನಗಲಿಲ್ಲ. ಸ್ಪ್ಯಾನರ್ ಕೈಗಿಟ್ಟು, ಮಾಡಿ ತೋರಿಸು ಅಂದಿದ್ದ. ಅಂಥವನು ಕೊಳವೆ ಮರೆತ ಎಂದು ನಂಬುವುದಕ್ಕಿಂತ ಅವನು ಹಾರುತ್ತಾನೆ ಎಂದು ನಂಬುವುದು ಅವಳಿಗೆ ಸುಲಭವಾಗಿತ್ತು.

ವಿಚಿತ್ರವೆಂದರೆ ರೇನಾಲ್ಡ್ ತನ್ನ ಪರವಾಗಿ ಒಂದು ಮಾತೂ ಆಡಿರಲಿಲ್ಲ. ಬಿಡು ಸ್ಟೆಫಾ, ಆದದ್ದಾಯ್ತು, ಅಲ್ಲಿಗೆ ಹೋಗಬೇಡ ಎಂದಷ್ಟೇ ಹೇಳಿದ್ದ. ಸ್ವಾಭಿಮಾನದ ಮನುಷ್ಯ, ಬೇಡಿಕೊಳ್ಳಲಾರ ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಇಂದು ಒತ್ತಾಯ ಮಾಡಿ ಅವನನ್ನು ಕರೆತಂದು ಹೊರಗೆ ವ್ಯಾನಿನಲ್ಲೇ ಕೂರಿಸಿದ್ದಳು.

"ಸರಿ ಡ್ಯಾರಲ್," ಅಂದಳು. "ಶನಿವಾರ ಸಂಜೆ ನೀನು ದೊಡ್ಡಪ್ಪನ್ನ ನೋಡೋಕೆ ಬಂದೆ."

"ದಿನಾ ಬರ್ತೀನಿ."

"ಮನೆ ತಣ್ಣಗಿತ್ತು, ಕೆಳಗೆ ಬಂದೆ. ಫರ್ನೇಸಿನ ಕೆಳಗಿನ ಬಾಗಿಲಲ್ಲಿರೋ ಈ ಗಾಜಿನ ಕಿಂಡೀಲಿ ತಕರಾರು ಹೇಳೋ ದೀಪ ನೋಡಿದೆ."

"ಮೂರು ಸಲ ಮಿಣುಕ್ತಿತ್ತು. ಮೇಲಿನ ಬಾಗಿಲು ತೆಗೆದು ಒಳಗಿರೋ ಚೀಟಿ ನೋಡಿದೆ. ಮೂರು ಅಂದ್ರೆ ಗಾಳಿಯ ಕೊಳವೆ ತಕರಾರು ಅಂತ ಬರೆದಿದೆ. ದೊಡ್ಡಪ್ಪನಿಗೆ ಹೇಳಿದೆ. ರೇನಾಲ್ಡ್ ಮೊನ್ನೆ ತಾನೇ ಬಂದು ಹೋಗಿದ್ದಾನೆ, ನಾಳೆ ಫೋನ್ ಮಾಡ್ತೀನಿ, ಕಂಬಳಿ ಇದೆ, ನೀನು ಹೋಗು ಅಂದ್ರು. ಅವರ ಹಟ ನಿಮಗೂ ಗೊತ್ತಲ್ಲ."

ಫೂರ್ನಿಯೆ ತಲೆಯಾಡಿಸಿದ. ಇದು ಅವನ ವರದಿಯ ಮೂರನೇ ಪುಟದಲ್ಲಿತ್ತು. ಗೋಡೆಗೊರಗಿಸಿದ ಬಾಗಿಲಿನ ಒಳಮೈಯಲ್ಲಿ ಹಳದಿಯಾದ ಚೀಟಿಯೂ ಇತ್ತು, ಅದರಲ್ಲಿ ಮೂರು ಮಿಣುಕಿನ ಎದುರು ಡ್ಯಾರಲ್ ಹೇಳಿದ ಮಾತೇ ಅಚ್ಚಾಗಿತ್ತು. ಸಾಕ್ಷಿಯ ಮಾತು, ಚೀಟಿ, ಜೋತ ಕೊಳವೆ, ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಇನ್ಸ್‌ಪೆಕ್ಟರ್ ಬುದ್ಧಿಯಿಲ್ಲದವನಲ್ಲ, ಪ್ರಾಮಾಣಿಕನೂ ಹೌದು. ಆದರೆ ಒಳ್ಳೆಯ ಫೈಲು ಸಿಕ್ಕಿದರೆ ಯಾರಿಗೆ ತಾನೆ ಖುಷಿಯಾಗುವುದಿಲ್ಲ?

ಸ್ಟೆಫಾ ಟಾರ್ಚನ್ನು ಫರ್ನೇಸಿನ ಮೇಲಕ್ಕೆ ಎತ್ತಿದಳು. ಬಿಸಿಗಾಳಿ ಹೋಗುವ ತಗಡಿನ ಪೆಟ್ಟಿಗೆಯ ಮೇಲೆ ಮಾರ್ಕರ್ ಪೆನ್ನಿನ ಬರಹ ಸಾಲಾಗಿ ಇಳಿದಿತ್ತು. ಬಂದುಹೋದ ಮೆಕ್ಯಾನಿಕ್ ತನ್ನ ತಾರೀಖನ್ನು ಅಲ್ಲಿ ಬರೆಯಲೇಬೇಕು; ಆ ಊರಿನ ಕಸುಬಿನವರು ಬಿಲ್ಲು ಬರೆಯುವುದನ್ನು ಮರೆತಾರು, ಇದನ್ನು ಮರೆಯರು. ಇಪ್ಪತ್ತು ವರ್ಷದ ಚಳಿಗಾಲಗಳು ಆ ತಗಡಿನ ಮೇಲಿದ್ದವು. ಐದಾರು ಕಡೆ ಅವಳದೇ ಅಕ್ಷರವಿತ್ತು, ಅದನ್ನು ನೋಡಿ ಅವಳಿಗೆ ಎದೆ ತುಂಬಿ ಬಂತು.

ಕಟ್ಟಕಡೆಯ ಸಾಲು ಗುರುವಾರದ್ದು, ಜನವರಿ ಹದಿನಾಲ್ಕು. ಪಕ್ಕದಲ್ಲಿ ರೇನಾಲ್ಡನ ಸಹಿ. ಸಹಿಯ ಮುಂದೆ ಒಂದು ಸಣ್ಣ ಚೌಕ, ಚೌಕದ ನಡುವೆ ಒಂದು ಚುಕ್ಕೆ.

"ಇದೇನು ಗೊತ್ತಾ?" ಎಂದು ಫೂರ್ನಿಯೆಯನ್ನು ಕೇಳಿದಳು.

ಅವನಿಗೆ ಗೊತ್ತಿರಲಿಲ್ಲ. ಏನೋ ಗೀಚಿದ್ದಾರೆ ಅಂದುಕೊಂಡಿದ್ದನಂತೆ.

"ನಿಮ್ಮ ಕಚೇರೀಲಿ ಇದನ್ನ ಕಲಿಸಲ್ಲ. ಚೌಕದಲ್ಲಿ ಚುಕ್ಕೆ ಅಂದ್ರೆ, ಫರ್ನೇಸ್ ನಡೆಸೋ, ದೀಪ ಮಿಣುಕಿಸೋ ಸರ್ಕ್ಯೂಟ್ ಬೋರ್ಡ್ ಬದಲಾಯಿಸಿದೀನಿ ಅಂತ. ನಾನೂ ಅವನೂ ಒಬ್ಬರ ಹಿಂದೆ ಒಬ್ಬರು ಹೋಗೋ ಮನೆಗಳಿಗೆ ಮಾಡಿಕೊಂಡ ಗುರುತು."

ರೇನಾಲ್ಡನ ಬಿಲ್ಲಿನಲ್ಲಿ ಹಾಗೇನೂ ಇಲ್ಲವಲ್ಲ ಎಂದ ಫೂರ್ನಿಯೆ. ಇರುವುದಿಲ್ಲ ಎಂದಳು ಸ್ಟೆಫಾ. ರೇನಾಲ್ಡ್ ಸಿಂಕ್ಲೇರ್ ಇಡೀ ಫರ್ನೇಸನ್ನೇ ಕಿತ್ತು ಹೊಸದು ಕೂರಿಸಿದರೂ ಬಿಲ್ಲಿನಲ್ಲಿ 'ಸರಿ ಮಾಡಿದೆ' ಎಂದಷ್ಟೇ ಬರೆಯುವ ಆಸಾಮಿ.

ಅವಳು ಮೊಣಕಾಲೂರಿ ಕೆಳಗಿನ ಬಾಗಿಲನ್ನು ಎತ್ತಿ ತೆಗೆದಳು. ಒಳಗೆ ಟಾರ್ಚಿನ ಬೆಳಕಿಗೆ ಹಸಿರು ಬೋರ್ಡು ಹೊಳೆಯಿತು. ಒಂದು ಚೂರು ಧೂಳಿಲ್ಲ. ಇಪ್ಪತ್ತು ವರ್ಷದ ಫರ್ನೇಸಿನ ಹೊಟ್ಟೆಯಲ್ಲಿ ಹನ್ನೆರಡು ದಿನದ ಬೋರ್ಡು. ಅದೂ ಬೇರೆ ಕಂಪನಿಯದು, ಎಲ್ಲ ಮಾದರಿಗೂ ಹೊಂದುವಂಥದು.

ಫೂರ್ನಿಯೆ ಬಗ್ಗಿ ನೋಡಿದ. ಅವನ ಮುಖ ನಿಧಾನವಾಗಿ ಬಿಗಿಯಾಯಿತು. ಅವನಿಗೆ ಅರ್ಥವಾಗತೊಡಗಿತ್ತು. ಡ್ಯಾರಲ್‌ನಿಗೆ ಇನ್ನೂ ಆಗಿರಲಿಲ್ಲ.

ಸ್ಟೆಫಾ ಅವಸರ ಮಾಡಲಿಲ್ಲ. ಇಂಥ ಗಳಿಗೆ ಮನುಷ್ಯರ ಬದುಕಿನಲ್ಲಿ ಎಷ್ಟು ಸಲ ಬರುತ್ತದೆ? ಕೆಳಗಿನ ಬಾಗಿಲನ್ನು ಮತ್ತೆ ಕೂರಿಸಿದಳು. ಕೊಳವೆಯನ್ನು ಮುಟ್ಟಲಿಲ್ಲ, ಜೋತಂತೆಯೇ ಬಿಟ್ಟಳು. ಫರ್ನೇಸಿನ ಪಕ್ಕದ ಸ್ವಿಚ್ ಹಾಕಿದಳು. ಮೇಲೆ ಹೋಗಿ ಥರ್ಮೋಸ್ಟಾಟ್ ಏರಿಸಿ ಬನ್ನಿ ಎಂದು ಇನ್ಸ್‌ಪೆಕ್ಟರನಿಗೆ ಹೇಳಿದಳು, ಅವನು ಶಾಲೆಯ ಹುಡುಗನ ಹಾಗೆ ಹೋಗಿ ಬಂದ.

ಪುಟ್ಟ ಫ್ಯಾನು ಗುಯ್ಯೆಂದು ತಿರುಗತೊಡಗಿತು. ಬೆಂಕಿ ಹತ್ತಲಿಲ್ಲ. ಅರ್ಧ ನಿಮಿಷ ಕಳೆಯಿತು, ಒಂದು ನಿಮಿಷವಾಯಿತು.

"ಬಾ ಇಲ್ಲಿ," ಎಂದು ಡ್ಯಾರಲ್‌ನನ್ನು ಕರೆದಳು. "ಕೂತ್ಕೋ. ಅವತ್ತು ಹೇಗೆ ನೋಡಿದೆಯೋ ಹಾಗೇ ಕಿಂಡೀಲಿ ನೋಡು. ಗಟ್ಟಿಯಾಗಿ ಎಣಿಸು."

ನಲವತ್ತು ದಾಟಿದ ದೊಡ್ಡ ದೇಹವನ್ನು ಮಡಚಿ ಡ್ಯಾರಲ್ ಕುಳಿತ. ಗಾಜಿನ ಹಿಂದೆ ಕೆಂಪು ದೀಪ ಹತ್ತಿ ಆರಿತು.

"ಒಂದು. ಎರಡು. ಮೂರು..." ಅಂದು ನಿಲ್ಲಿಸಿದ.

"ಎಣಿಸು, ಎಣಿಸು."

"ನಾಲ್ಕು."

"ಇನ್ನೊಂದು ಸಲ."

ಇನ್ನೊಂದು ಸಲವೂ ನಾಲ್ಕೇ ಆಯಿತು. ಮೂರನೇ ಸಲ ಅವನು ಎಣಿಸಲಿಲ್ಲ.

"ಕೊಳವೆ ಬಿಚ್ಚಿದ್ರೆ ಈ ಬೋರ್ಡ್ ನಾಲ್ಕು ಮಿಣುಕುತ್ತೆ," ಅಂದಳು ಸ್ಟೆಫಾ. "ಮೂರು ಮಿಣುಕ್ತಿದ್ದದ್ದು ಹಳೇ ಬೋರ್ಡ್. ಅದು ಗುರುವಾರ ಮಧ್ಯಾಹ್ನವೇ ಕಸದ ಬುಟ್ಟಿ ಸೇರಿತ್ತು. ಆ ಚೀಟಿ ಹಳೇ ಬೋರ್ಡಿಂದು. ದೀಪ ನೋಡಿದವನು ನಾಲ್ಕು ಅಂತಿದ್ದ, ಡ್ಯಾರಲ್. ಚೀಟಿ ಮಾತ್ರ ಓದಿದವನು ಮೂರು ಅಂತಾನೆ."

ಡ್ಯಾರಲ್ ಏಳಲಿಲ್ಲ. ತಪ್ಪು ಎಣಿಸಿರಬಹುದು, ಕತ್ತಲಿತ್ತು, ಕನ್ನಡಕ ತಂದಿರಲಿಲ್ಲ ಎಂದೆಲ್ಲ ಗೊಣಗಿದ. ಫೂರ್ನಿಯೆ ಆ ದಾರಿಯನ್ನೂ ಮುಚ್ಚಿದ. ಕನ್ನಡಕವಿಲ್ಲದೆ ಆ ಸಣ್ಣ ಅಕ್ಷರದ ಚೀಟಿಯನ್ನು ಹೇಗೆ ಓದಿದಿರಿ ಎಂದು ಕೇಳಿದ. ಪೊಲೀಸರಿಗೆ ಸಹಿ ಹಾಕಿಕೊಟ್ಟ ಹೇಳಿಕೆ ಇದು ಎಂದು ನೆನಪಿಸಿದ.

"ನಿನ್ನ ದೊಡ್ಡಪ್ಪನ ಮನೆ, ಆ ಹೊಲ, ಎಲ್ಲ ನಿನಗೇ ಬರುತ್ತಲ್ಲ?" ಅಂದಳು ಸ್ಟೆಫಾ. ಅವಳ ದನಿಯಲ್ಲಿ ದಯೆ ಇರಲಿಲ್ಲ. "ಕೊಳವೆ ಎಳೆದದ್ದು ನೀನೇನಾ?"

ಅದಕ್ಕೆ ಅವನು ತಲೆಯೆತ್ತಿದ. ಕಣ್ಣು ತುಂಬಿದ್ದವು.

"ನಾನು ಬಂದೇ ಇರಲಿಲ್ಲ," ಅಂದ. "ಶನಿವಾರ ನಾನು ಈ ಮನೆ ಕಡೆ ತಲೆ ಹಾಕಿಲ್ಲ. ಕರ್ಲಿಂಗ್ ಪಂದ್ಯಕ್ಕೆ ರಾಸ್‌ವುಡ್‌ಗೆ ಹೋಗಿದ್ದೆ. ಗೆದ್ವಿ. ರಾತ್ರಿ ಅಲ್ಲೇ ಕುಡಿದು ಮಲಗಿದ್ದೆ. ದಿನಾ ನೋಡ್ಕೋತೀನಿ ಅಂತ ನಮ್ಮಪ್ಪನಿಗೆ ಸಾಯೋವಾಗ ಮಾತು ಕೊಟ್ಟಿದ್ದೆ. ಭಾನುವಾರ ಮಧ್ಯಾಹ್ನ ಬಂದು ನೋಡಿದ್ರೆ, ಕುರ್ಚೀಲಿ ಹಾಗೇ ಕೂತಿದ್ರು. ಕೋಟು ಹಾಕ್ಕೊಂಡು ಕೂತಿದ್ರು, ಸ್ಟೆಫಾ. ಯಾರ ಮುಖ ನೋಡಿ ಹೇಳಲಿ ನಾನು ಆಟ ಆಡ್ತಿದ್ದೆ ಅಂತ? ಕೊಳವೆ ಬಿಚ್ಚಿತ್ತು ಅಂತ ಈ ಇನ್ಸ್‌ಪೆಕ್ಟರೇ ಹೇಳಿದ್ರು. ಚೀಟಿ ಓದಿ ಕಥೆ ಕಟ್ಟಿದೆ."

ಫೂರ್ನಿಯೆ ಪುಸ್ತಕ ತೆಗೆದು ಬರೆದುಕೊಂಡ. ಪಂದ್ಯಕ್ಕೆ ನೂರು ಜನ ಸಾಕ್ಷಿ ಇರುತ್ತಾರೆ, ವಿಚಾರಿಸುತ್ತೇನೆ ಎಂದ. ಆಮೇಲೆ ಸ್ಟೆಫಾಳ ಕಡೆ ತಿರುಗಿ, ತನ್ನ ವರದಿಯ ಮುಖ್ಯ ಸಾಕ್ಷಿಯೇ ಬಿದ್ದುಹೋಯಿತು ಎಂದು ಗಂಭೀರವಾಗಿ ಒಪ್ಪಿಕೊಂಡ. ಹದಿನೆಂಟು ವರ್ಷದ ನೌಕರಿಯಲ್ಲಿ ಇಂಥ ಕೆಲಸ ನೋಡಿಲ್ಲ ಎಂದೂ ಸೇರಿಸಿದ. ಅವಳು ಬೇಡ ಅನ್ನಲಿಲ್ಲ. ಹೊಗಳಿಕೆ ನ್ಯಾಯವಾಗಿ ಬಂದರೆ ನಿಂತು ಕೇಳಬೇಕು ಎಂಬುದು ಅವಳ ಪದ್ಧತಿ.

ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಆದರೆ ಕೊಳವೆ ಬಿಚ್ಚಿದ್ದು ಯಾವಾಗ ಎಂಬ ಪ್ರಶ್ನೆ ಉಳಿದಿದೆ, ರೇನಾಲ್ಡ್ ಮರೆತದ್ದು ಸುಳ್ಳೆಂದು ಇನ್ನೂ ಸಾಬೀತಾಗಿಲ್ಲ ಎಂದು ಫೂರ್ನಿಯೆ ಅನುಮಾನ ತೆಗೆದ. ಸ್ಟೆಫಾಳಿಗೆ ಉತ್ಸಾಹ ಏರಿತ್ತು.

"ಬೋರ್ಡನ್ನೇ ಕೇಳಿಬಿಡೋಣ," ಅಂದಳು.

ತಾನು ಬಂದ ದಿನವೇ ಕೆಳಗಿನ ಬಾಗಿಲು ತೆಗೆದಾಗಿತ್ತು, ಬಾಗಿಲು ತೆಗೆದರೆ ಕರೆಂಟು ಕಡಿಯುತ್ತದೆ, ಕರೆಂಟು ಕಡಿದರೆ ಬೋರ್ಡಿಗೆ ಹಿಂದಿನದೆಲ್ಲ ಮರೆತುಹೋಗುತ್ತದೆ ಎಂದ ಫೂರ್ನಿಯೆ. ಅದು ಹಳೇ ಬೋರ್ಡಿನ ಮಾತು ಎಂದಳು ಅವಳು. ಈ ಹೊಸದಕ್ಕೆ ಕರೆಂಟಿಲ್ಲದಿದ್ದರೂ ನೆನಪಿರುತ್ತದೆ, ಕಳೆದ ಹತ್ತು ತಕರಾರು ಅದರ ಹೊಟ್ಟೆಯಲ್ಲಿರುತ್ತದೆ. ಗುಂಡಿಯನ್ನು ಒಮ್ಮೆ ಒತ್ತಿದರೆ ಇತ್ತೀಚಿನದರಿಂದ ಹಿಂದಕ್ಕೆ ಒಂದೊಂದಾಗಿ ದೀಪದಲ್ಲಿ ಹೇಳುತ್ತದೆ. ಈ ಊರಿನಲ್ಲಿ ಇದು ಗೊತ್ತಿರುವುದು ಇಬ್ಬರಿಗೇ ಎಂದು ಹೇಳುವಾಗ ಅವಳ ಗಲ್ಲ ಸ್ವಲ್ಪ ಮೇಲಕ್ಕೆ ಹೋಯಿತು.

ಬಾಗಿಲು ತೆಗೆದಳು. ಕರೆಂಟು ಕಡಿಯದಂತೆ ಬಾಗಿಲಿನ ಸ್ವಿಚ್ಚನ್ನು ಎಡಗೈ ಹೆಬ್ಬೆರಳಲ್ಲಿ ಅದುಮಿ ಹಿಡಿದು, ಬಲಗೈಯಿಂದ ಗುಂಡಿ ಒತ್ತಿದಳು.

ನಾಲ್ಕು ಮಿಣುಕು. ಅದು ಈಗ ತಾನೇ ಆದದ್ದು.

ಆಮೇಲೆ ಎರಡು ಚುರುಕು ಮಿಣುಕು. ದೀಪ ನಿಂತಿತು.

ಸ್ಟೆಫಾ ಮತ್ತೆ ಒತ್ತಿದಳು. ನಾಲ್ಕು, ಚುರುಕಾಗಿ ಎರಡು, ಅಷ್ಟೆ. ಎರಡು ಚುರುಕು ಮಿಣುಕೆಂದರೆ ಇಷ್ಟೇ ಇರುವುದು, ಮುಂದೆ ಖಾಲಿ.

ಶನಿವಾರ ಯಾವ ಕಾರಣಕ್ಕೆ ಈ ಫರ್ನೇಸ್ ನಿಂತಿದ್ದರೂ ಅದು ಇಲ್ಲಿ ಇರಲೇಬೇಕು. ಇಲ್ಲವೆಂದರೆ ಯಾರೋ ಅಳಿಸಿ, ಮತ್ತೆ ಏನೂ ದಾಖಲಾಗದಂತೆ ಪಕ್ಕದ ಸ್ವಿಚ್ಚನ್ನೂ ಆರಿಸಿದ್ದಾರೆ. ಅಳಿಸಬೇಕಾದರೆ ಗುಂಡಿಯನ್ನು ಐದು ಸೆಕೆಂಡು ಒತ್ತಿ ಹಿಡಿಯಬೇಕು. ಅದು ಡ್ಯಾರಲ್‌ನಿಗೆ ಗೊತ್ತಿಲ್ಲ, ಫೂರ್ನಿಯೆಗೂ ಗೊತ್ತಿಲ್ಲ.

"ಏನು ಹೇಳುತ್ತೆ?" ಎಂದು ಕೇಳಿದ ಇನ್ಸ್‌ಪೆಕ್ಟರ್.

ಅವಳು ಅವನಿಗೆ ಉತ್ತರಿಸದೆ ಡ್ಯಾರಲ್‌ನನ್ನು ಕೇಳಿದಳು. "ಭಾನುವಾರ ನೀನು ಬಂದಾಗ ಈ ಪಕ್ಕದ ಸ್ವಿಚ್ ಆರಿಸಿದೆಯಾ?"

"ಇಲ್ಲ. ನಾನು ಏನೂ ಮುಟ್ಟಲಿಲ್ಲ. ರೇನಾಲ್ಡ್ ಆರಿಸಿರಬೇಕು."

"ಯಾವಾಗ?"

ಡ್ಯಾರಲ್ ತಡವರಿಸಿದ. ಇನ್ನು ಮುಚ್ಚಿಡುವುದೇನಿದೆ ಎಂಬಂತೆ ಹೇಳಿದ. ಆಂಬುಲೆನ್ಸಿಗೆ ಫೋನ್ ಮಾಡಿದ ಮೇಲೆ, ಬುದ್ಧಿ ಓಡದೆ, ಫರ್ನೇಸಿನ ಮೇಲಿದ್ದ ರೇನಾಲ್ಡನ ನಂಬರಿಗೂ ಮಾಡಿದ್ದ. ರೇನಾಲ್ಡ್ ಎರಡು ಬೀದಿ ಆಚೆ ಇದ್ದವನು ಎಲ್ಲರಿಗಿಂತ ಮೊದಲು ಬಂದ. ಒಬ್ಬನೇ ಕೆಳಗೆ ಇಳಿದ, ಹೊರಗೆ ಹೋಗಿ ಮನೆಯ ಹಿಂದೆ ಸುತ್ತಿ ಬಂದ, ಮತ್ತೆ ಕೆಳಗೆ ಇಳಿದ. ಸೈರನ್ ಕೇಳಿದಾಗ ಹೊರಟ. ನೀನು ನಿನ್ನೆ ಬಂದಿರಲಿಲ್ಲ ಅಂತ ನಾನು ಹೇಳಲ್ಲ, ನಾನು ಇವತ್ತು ಬಂದದ್ದು ನೀನು ಹೇಳಬೇಡ ಎಂದು ಹೋಗಿದ್ದ.

ಗುರುವಾರದ ಮೇಲೆ ಆ ಮನೆಗೆ ಕಾಲಿಟ್ಟಿಲ್ಲ ಎಂದು ರೇನಾಲ್ಡ್ ಅವಳ ಮುಂದೆ ಹೇಳಿದ್ದ, ಕಣ್ಣಿನಲ್ಲಿ ಕಣ್ಣಿಟ್ಟು.

ಹತ್ತು ನಿಮಿಷ ಕೊಡಿ ಎಂದು ಹೇಳಿ ಸ್ಟೆಫಾ ಮೆಟ್ಟಿಲು ಹತ್ತಿದಳು. ಮನೆಯ ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಜೇಬಿನ ಫೋನು ನಡುಗಿತು. ಮಗಳು ಡೇನಾ. 'ಏನಾಯ್ತಮ್ಮ? ರೇನಾಲ್ಡ್ ಮಾವನಿಗೆ ಏನಾದ್ರೂ ಆಗುತ್ತಾ?' ಬೆಳಗಿನಿಂದ ಇದು ಮೂರನೇ ಮೆಸೇಜು. ಗ್ಯಾಸ್ ಕಂಪನಿಯ ಸಮವಸ್ತ್ರ ತೊಟ್ಟು ಎರಡು ವರ್ಷವಾಗಿರುವ ಮಗಳು ಅದು. ಆ ಸಮವಸ್ತ್ರದ ಫೋಟೋವನ್ನು ಸ್ಟೆಫಾ ಊರಿನಲ್ಲಿ ಯಾರಿಗೆ ತೋರಿಸದೆ ಬಿಟ್ಟಿದ್ದಾಳೆ? ಅಮ್ಮನ ಕಸುಬನ್ನು ಹಿಡಿದವಳು. ಆಮೇಲೆ ಹೇಳ್ತೀನಿ ಕಣೇ ಎಂದು ಬರೆದು ಹೊರಗೆ ಬಂದಳು.

ವ್ಯಾನಿನ ಎಂಜಿನ್ ಓಡುತ್ತಿತ್ತು. ರೇನಾಲ್ಡ್ ಪಕ್ಕದ ಸೀಟಿನಲ್ಲಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳು ಬಾಗಿಲು ಹಾಕಿಕೊಂಡ ಮೇಲೂ ಅವನು ಅವಳ ಕಡೆ ನೋಡಲಿಲ್ಲ.

"ಗುಂಡಿ ಒತ್ತಿದೆಯಾ?" ಅಂದ.

"ಒತ್ತಿದೆ."

"ಒತ್ತುತ್ತೀಯ ಅಂತಾನೇ ಬರಬೇಡ ಅಂದದ್ದು. ಅಳಿಸಿದ್ದು ನಾನೇ. ಕೊಳವೆ ಎಳೆದದ್ದೂ ನಾನೇ."

ಅವಳಿಗೆ ಅವನ ಕಪಾಳಕ್ಕೆ ಹೊಡೆಯಬೇಕೆನಿಸಿತು. ಮೂವತ್ತೊಂದು ವರ್ಷ ಯಾರ ಹೆಸರನ್ನು ತನ್ನ ಹೆಸರಿನ ಹಾಗೆ ಕಾಪಾಡಿಕೊಂಡು ಬಂದಿದ್ದಳೋ, ಅವನೇ ಅದನ್ನು ಕೈಯಾರೆ ಕೆಸರಿಗೆ ಹಾಕಿದ್ದ. ದೀಪ ಹೇಳಿದ್ದನ್ನು ಮುಚ್ಚಬಾರದು ಎಂದು ಅವಳಿಗೆ ಮೊದಲ ದಿನ ಕಲಿಸಿದವನು ಇವನು.

"ಯಾಕೋ?" ಅಂದಳು.

"ಅದರಲ್ಲಿ ಇದ್ದದ್ದು ಕೊಳವೆ ತಕರಾರಲ್ಲ. ಗ್ಯಾಸೇ ಬಂದಿರಲಿಲ್ಲ. ಹಿಂದೆ ಹೋಗಿ ನೋಡಿದೆ, ಮೀಟರಿನ ಹತ್ರ ಗ್ಯಾಸಿನ ವಾಲ್ವ್ ಮುಚ್ಚಿತ್ತು. ಇದು ಅದಕ್ಕೆ ನೇತಾಡ್ತಿತ್ತು. ವಾಲ್ವ್ ತೆರೆದು ಇದನ್ನ ಜೇಬಿಗೆ ಹಾಕ್ಕೊಂಡೆ."

ಕೋಟಿನ ಒಳಜೇಬಿನಿಂದ ಒಂದು ಹಳದಿ ಚೀಟಿ ತೆಗೆದು ಅವಳ ಕೈಗಿಟ್ಟ. ಗ್ಯಾಸ್ ಕಂಪನಿಯವರು ಗ್ಯಾಸ್ ನಿಲ್ಲಿಸಿದಾಗ ಮೀಟರಿಗೆ ಕಟ್ಟಿಹೋಗುವ ಚೀಟಿ. ಕೆಡವಲಿರುವ ಮನೆ, ಗ್ಯಾಸ್ ಕಡಿತ, ಮನೆ ನಂಬರ್ ಹನ್ನೆರಡು. ಜನವರಿ ಹದಿನಾರು, ಬೆಳಿಗ್ಗೆ ಒಂಬತ್ತು. ಸ್ಟೆಫಾ ತಲೆಯೆತ್ತಿ ನೋಡಿದಳು. ಕೆಡವಲಿರುವ ಮನೆ ಪಕ್ಕದ್ದು, ಕಿಟಕಿಗಳಿಗೆ ಹಲಗೆ ಬಡಿದದ್ದು. ಆಬ್ರಾಮ್ ಲೆಪ್ಕಿಯ ಮನೆ ಹದಿನಾಲ್ಕು.

ಕೆಳಗೆ ಸಹಿ ಇತ್ತು. ಎಡಗೈಯವರ, ಎಡಕ್ಕೆ ವಾಲಿದ ದುಂಡನೆಯ ಅಕ್ಷರ. ಆ ಅಕ್ಷರವನ್ನು ಮೊದಲು ತಿದ್ದಿಸಿದವಳು ಸ್ಟೆಫಾಳೇ, ಅಡುಗೆಮನೆಯ ಮೇಜಿನ ಮೇಲೆ.

"ಡೇನಾಗೆ ಇನ್ನೂ ಮೂವತ್ತು ಚಳಿಗಾಲ ಇದೆ," ಅಂದ ರೇನಾಲ್ಡ್. "ನನಗೆ ಹೆಚ್ಚು ಅಂದ್ರೆ ಎರಡು. ನನ್ನ ಹೆಸರು ಹೋಗಲಿ ಬಿಡು."

"ಅವಳಿಗೆ ಗೊತ್ತಾ?"

ರೇನಾಲ್ಡ್ ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಮೇಲೆ ಟಕಟಕ ಬಡಿದ ಸದ್ದಾಯಿತು. ಫೂರ್ನಿಯೆ, ಮೀಸೆಯ ಮೇಲೆ ಆಗಲೇ ಮಂಜು ಕಟ್ಟಿಕೊಂಡು, ಕೈಯಲ್ಲಿ ಬರೆಯುವ ಪುಸ್ತಕ ತೆರೆದು ನಿಂತಿದ್ದ. ಡ್ಯಾರಲ್ ಹೇಳಿದ್ದನ್ನು ಅವನೂ ಕೂಡಿಸಿ ಕಳೆದು ನೋಡಿದ್ದನೆಂದು ಮುಖದಲ್ಲೇ ಕಾಣುತ್ತಿತ್ತು.

"ಬೋರ್ಡ್ ಏನು ಹೇಳ್ತು ಅಂತ ನೀವು ಹೇಳಲೇ ಇಲ್ಲ," ಅಂದ ಗಾಜಿನಾಚೆಯಿಂದ. "ನೀವು ಹೇಳಿದ್ದನ್ನೇ ಬರ್ಕೋತೀನಿ, ಸ್ಟೆಫಾ. ನಾಳೆ ನಿಮ್ಮ ಮಾತೇ ಕೊನೇದು."

ಚೀಟಿ ಅವಳ ತೆರೆದ ಅಂಗೈ ಮೇಲಿತ್ತು. ರೇನಾಲ್ಡ್ ಅದರ ಮೇಲೆ ತನ್ನ ಟೋಪಿ ಮುಚ್ಚಲು ಕೈ ಚಾಚಿದ. ಸ್ಟೆಫಾ ಆ ಕೈಯನ್ನು ತಳ್ಳಿ, ಗಾಜು ಇಳಿಸತೊಡಗಿದಳು.